ಚಿಕ್ಕಹನುಮಯ್ಯನವರ ಜರ್ಮನ್ ಇಂಜಿನ್

ಹಿಟ್ಟಿನ ಮಿಷನ್ನು ಮನೆಗೆ ಬಂದು ಹತ್ತೊಂಬತ್ತು ದಿನವಾಗಿತ್ತು. ಅಷ್ಟೂ ದಿನ ಅದು ನಡುಮನೆಯಲ್ಲಿ, ಟೀವಿಯ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಮಗ ಶರತ್ ಅದರ ಮೇಲೆ ಹೆಲ್ಮೆಟ್ ಇಡುತ್ತಿದ್ದ. ಗಂಡ ಅನಂತರಾಜು ಒದ್ದೆ ಟವೆಲ್ ಹರವುತ್ತಿದ್ದ. ಮಾವ ಚಿಕ್ಕಹನುಮಯ್ಯನವರು ಪೇಪರ್ ಓದಿ, ಮಡಿಸಿ, ಕನ್ನಡಕದ ಸಮೇತ ಅಲ್ಲೇ ಬಿಟ್ಟು ಏಳುತ್ತಿದ್ದರು. ಲಕ್ಷ್ಮಿದೇವಮ್ಮ ದಿನಾ ಬೆಳಿಗ್ಗೆ ಹೆಲ್ಮೆಟ್ ಎತ್ತಿ, ಟವೆಲ್ ಎತ್ತಿ, ಪೇಪರ್ ಎತ್ತಿ ಪ್ಲಾಸ್ಟಿಕ್ಕಿನ ಧೂಳು ಒರೆಸುತ್ತಿದ್ದಳು. ಒಂದು ಹಿಡಿ ರಾಗಿಯನ್ನೂ ಬೀಸದ ಮಿಷನ್ನಿಗೆ ಇಷ್ಟು ಸೇವೆ ಮಾಡಬೇಕಲ್ಲ ಎಂದು ಅವಳಿಗೆ ಮೈ ಉರಿಯುತ್ತಿತ್ತು.

ಮಿಷನ್ನು ಹೋಗಬೇಕಾದದ್ದು ಹಿತ್ತಲ ಶೆಡ್ಡಿಗೆ. ಯಲಹಂಕದ ಹಳೇ ಪೇಟೆಯಲ್ಲಿ ಅಷ್ಟು ದೊಡ್ಡ ಹಿತ್ತಿಲು ಉಳಿದಿದ್ದೇ ಹೆಚ್ಚು. ಹೊಲ, ದ್ರಾಕ್ಷಿ ತೋಟ, ಬಾವಿ ಎಲ್ಲವೂ ಸೈಟುಗಳಾಗಿ ಹೋಗಿದ್ದವು. ತೋಟದಿಂದ ಮನೆಗೆ ಬಂದದ್ದು ಒಂದೇ ಒಂದು ಸಾಮಾನು, ಬಾವಿಯ ನೀರೆತ್ತುತ್ತಿದ್ದ ಹಳೇ ಎಣ್ಣೆ ಇಂಜಿನ್ನು. ಕರೆಂಟು ಬಂದ ಮೇಲೆ ನಿಂತ ಇಂಜಿನ್ನು ಮತ್ತೆ ತಿರುಗಿರಲಿಲ್ಲ. ಆದರೆ ವರ್ಷವರ್ಷ ಆಯುಧಪೂಜೆಗೆ ಮಾವ ಅದಕ್ಕೆ ಹಸಿರು ಬಣ್ಣ ಬಳಿದು, ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆಯುತ್ತಿದ್ದರು. ಮಿಕ್ಕ ಮುನ್ನೂರ ಅರವತ್ನಾಲ್ಕು ದಿನ ಅದರ ಚಕ್ರದ ಮೇಲೆ ಮನೆಯವರ ಗೋಣಿಚೀಲ ಒಣಗುತ್ತಿತ್ತು.

ಲಕ್ಷ್ಮಿದೇವಮ್ಮ ಆರು ವರ್ಷದಿಂದ ಹುರಿಹಿಟ್ಟು, ಸಾರಿನ ಪುಡಿ, ಮಕ್ಕಳ ರಾಗಿ ಸರಿ ಮಾಡಿ ಸುತ್ತಲ ಅಪಾರ್ಟ್‌ಮೆಂಟುಗಳಿಗೆ ಕೊಡುತ್ತಿದ್ದಳು. ರಾಗಿ ತೊಳೆದು, ನೆನೆಸಿ, ಮೊಳಕೆ ಕಟ್ಟಿ, ಹುರಿದು ಪೇಟೆಯ ಮಿಲ್ಲಿಗೆ ಹೊತ್ತುಕೊಂಡು ಹೋಗಬೇಕು. ಯುಗಾದಿ ಆದಮೇಲೆ ಒಂದು ದಿನ ಮಿಲ್ಲಿನವನು ಮೆಣಸಿನಕಾಯಿ ಬೀಸಿದ ಬೆನ್ನಿಗೇ ಅವಳ ರಾಗಿ ಸುರಿದುಬಿಟ್ಟ. ಒಂದು ಮಗು ಬಾಯಿಗಿಟ್ಟು ಕೆಮ್ಮಿ ಕೆಮ್ಮಿ ಕೆಂಪಾಯಿತು. ಮಗುವಿನ ತಾಯಿ ಬಿಂದುಶ್ರೀ ಫೋನಿನಲ್ಲಿ ಕಳಿಸಿದ ಮಾತನ್ನು ಲಕ್ಷ್ಮಿದೇವಮ್ಮ ಎರಡನೇ ಸಲ ಕೇಳಲಿಲ್ಲ. ಆ ಕಟ್ಟಡದ ನಾಲ್ಕು ಮನೆ ಒಟ್ಟಿಗೆ ಕೈಬಿಟ್ಟವು. ಅವತ್ತೇ ಅವಳು ಸ್ವಂತ ಮಿಷನ್ನು ಹಾಕುವುದೆಂದು ತೀರ್ಮಾನ ಮಾಡಿದಳು.

ವರಮಹಾಲಕ್ಷ್ಮಿ ಹಬ್ಬದ ದಿನ ಒಬ್ಬಟ್ಟಿನ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಮಾವನೇ ಹೇಳಿದ್ದರು. "ಶೆಡ್ಡು ನೀನೇ ಇಟ್ಕೊಳಮ್ಮ. ಇಂಜಿನ್ನ ಬೇವಿನ ಮರದಡೀಕೆ ಎಳೆಸ್ತೀನಿ. ಅದೇನು ಊಟ ಕೇಳ್ತದಾ, ಬಟ್ಟೆ ಕೇಳ್ತದಾ."

ಆ ಮಾತು ನಂಬಿ ಅವಳು ಚೀಟಿ ಎತ್ತಿ ಪೀಣ್ಯದ ಕಾರ್ಖಾನೆಯಿಂದ ಮಿಷನ್ನು ತರಿಸಿದಳು. ವಿಜಯದಶಮಿಯ ದಿನ ಶುರು ಮಾಡುತ್ತೇನೆ ಎಂದು ಗಿರಾಕಿಗಳಿಗೆಲ್ಲ ಹೇಳಿದಳು. ಮಿಷನ್ನು ಬಂದ ಮೂರನೇ ದಿನಕ್ಕೆ ಕಾಡಪ್ಪ ಬಂದ.

ಕಾಡಪ್ಪ ಅದೇ ಊರಿನವನು. ಈಗ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಅಪಾರ್ಟ್‌ಮೆಂಟು ಕಟ್ಟುತ್ತಿದ್ದ. ಗೇಟಿನ ಹತ್ತಿರ ಹಳೇ ಕಾಲದ್ದೇನಾದರೂ ನಿಲ್ಲಿಸಿದರೆ ಕೊಳ್ಳುವವರಿಗೆ ಖುಷಿಯಾಗುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು.

"ದೊಡ್ಡಪ್ಪ, ನಿಮ್ಮನೇಲಿ ಜರ್ಮನ್ ಇಂಜಿನ್ ಇತ್ತಲ್ಲ, ಇದೆಯಾ?" ಎಂದ.

ಚಿಕ್ಕಹನುಮಯ್ಯನವರಿಗೆ ಎಂಬತ್ತನಾಲ್ಕು. ಮಂಡಿ ಹಿಡಿದುಕೊಂಡು ಏಳುವವರು ಅವತ್ತು ಹುಡುಗನ ಹಾಗೆ ಎದ್ದರು. "ಇರದೇ ಎಲ್ಲೋಯ್ತದೆ? ಆಗ ಊರಲ್ಲಿದ್ದದ್ದು ಎರಡೇ ಇಂಜಿನ್ನು. ನರಸಯ್ಯನೋರ್ದು ಬರೀ ಡ್ರಮ್ ಇಂಜಿನ್ನು. ನಮ್ದು ಜರ್ಮನ್ ಇಂಜಿನ್ನು. ನಮ್ಮಪ್ಪ ಅಡಗಲ್ಲಿ ಸಮುದ್ರ ದಾಟಿಸಿ ತರಿಸಿದ್ದು."

ಕಾಡಪ್ಪ ಇಂಜಿನ್ನಿನ ಸುತ್ತ ಒಂದು ಸುತ್ತು ಬಂದು, ಗುಜರಿಯವರು ಕೊಡುವುದಕ್ಕಿಂತ ಹತ್ತರಷ್ಟು ಕೊಡುತ್ತೇನೆಂದ. ಮಾವನ ತಂದೆ ದೊಡ್ಡಹನುಮಯ್ಯನವರು ಜರ್ಮನಿಯಿಂದ ತರಿಸಿದ್ದು ಎಂದು ಹಿತ್ತಾಳೆಯಲ್ಲಿ ಬೋರ್ಡು ಬರೆಸುತ್ತೇನೆಂದ. "ಆದ್ರೆ ಪ್ರೂಫ್ ಬೇಕು ದೊಡ್ಡಪ್ಪ. ಈಗಿನ ಜನ ಎಲ್ಲಾನೂ ಫೋನಲ್ಲಿ ಹುಡುಕ್ತಾರೆ. ಎಲ್ಲೀದು ಅಂತ ಖಾತ್ರಿ ಮಾಡ್ಕೊಡಿ, ಮಾರನೇ ದಿನಾನೇ ಕ್ರೇನ್ ಕಳಿಸ್ತೀನಿ."

ಅಲ್ಲಿಗೆ ಬೇವಿನ ಮರದ ಮಾತು ಮುಗಿಯಿತು. ಬೋರ್ಡಿನಲ್ಲಿ ಅಪ್ಪನ ಹೆಸರು ಬರುತ್ತದೆಂದು ಮಾವನಿಗೆ ನಿದ್ದೆ ಬರಲಿಲ್ಲ, ಹತ್ತರಷ್ಟು ಬರುತ್ತದೆಂದು ಗಂಡನಿಗೆ ನಿದ್ದೆ ಬರಲಿಲ್ಲ.

"ರೀ, ಖಾತ್ರಿ ಆಗೋ ತನಕ ಅದು ಹೊರಗಿರ್ಲಿ. ನನ್ನ ಮಿಷನ್ ಒಳಗೆ ಇಡೋಣ" ಎಂದಳು ಲಕ್ಷ್ಮಿದೇವಮ್ಮ.

"ಮಳೆ ಬರ್ತಿದೆ ಕಣೇ. ಜರ್ಮನ್ ಮಾಲು ನೆನೆದ್ರೆ?"

"ಹೋದ ತಿಂಗಳು ನೆನೀಬಹುದಿತ್ತಾ?"

"ಹೋದ ತಿಂಗಳು ಅದಕ್ಕೆ ಬೆಲೆ ಇರಲಿಲ್ಲ" ಎಂದು ಅನಂತರಾಜು ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋದ.

ಶರತ್ ಇಂಜಿನ್ನಿನ ಫೋಟೋಗಳನ್ನು ಹಳೇ ಇಂಜಿನ್ ಹುಚ್ಚಿನವರ ಗುಂಪಿಗೆ ಹಾಕಿದ. ಸಂಜೆಯೊಳಗೆ ನಲವತ್ತು ಉತ್ತರ ಬಂದವು. ಒಬ್ಬ ಜರ್ಮನಿ ಎಂದ, ಒಬ್ಬ ಇಂಗ್ಲೆಂಡ್ ಎಂದ, ಒಬ್ಬ ಚಕ್ರದಲ್ಲಿ ಕಡ್ಡಿ ಎಷ್ಟಿವೆ ಎಂದು ಕೇಳಿದ, ಒಬ್ಬ ಹಿಂದೆ ಒಣಗುತ್ತಿರುವ ಹಪ್ಪಳ ಮಾರಾಟಕ್ಕಿದೆಯೇ ಎಂದು ಕೇಳಿದ. ಎಲ್ಲರೂ ಹೇಳಿದ್ದು ಒಂದೇ ಮಾತು, ತಯಾರಿಸಿದವರ ಹೆಸರಿನ ತಗಡು ಎಲ್ಲಾದರೂ ಇರಲೇಬೇಕು, ಅದರ ಫೋಟೋ ಹಾಕಿ.

ತಗಡು ಇತ್ತು. ಇಂಜಿನ್ನಿನ ಎದೆಯ ಮೇಲೆ ಅಂಗೈಯಗಲ ಚೌಕವಾಗಿ ಉಬ್ಬಿಕೊಂಡು ಇತ್ತು. ಆದರೆ ಎಪ್ಪತ್ತು ವರ್ಷದ ಬಣ್ಣ, ಕುಂಕುಮ, ಮತ್ತೆ ಬಣ್ಣ, ಮತ್ತೆ ಕುಂಕುಮ ಸೇರಿ ಅದರ ಮೇಲೆ ದೋಸೆಯಷ್ಟು ದಪ್ಪ ಪದರ ಕೂತಿತ್ತು.

ಶರತ್ ಚಾಕು ಹಿಡಿದು ಹೋದ. ತಾತ ಅಡ್ಡ ನಿಂತರು.

"ಅಲ್ಲಿ ಮೊದಲನೇ ಕುಂಕುಮ ಇಟ್ಟೋನು ನಮ್ಮಪ್ಪ. ಅದರ ಮೇಲೆ ಪ್ರತಿ ವರ್ಷ ನಾನಿಟ್ಟಿದೀನಿ. ದೇವರ ಮುಖ ಕೆರೀತಾರೇನ್ಲಾ?"

"ತಾತ, ಕೆರೀದಿದ್ರೆ ಎಲ್ಲೀದು ಅಂತ ಹೆಂಗ್ ಗೊತ್ತಾಗುತ್ತೆ?"

"ನಾನು ಯೋಳ್ತಾ ಇದೀನಲ್ಲ, ಜರ್ಮನ್ದು ಅಂತ."

"ನೀವು ಹೇಳಿದ್ರೆ ಪ್ರೂಫ್ ಆಗಲ್ಲ ತಾತ."

"ಅಂಗಾದ್ರೆ ನಿಮ್ಮ ಪ್ರೂಫ್ ನೀವೇ ಉಡುಕ್ಕಳಿ. ಅದನ್ನ ಮಾತ್ರ ಮುಟ್ಟಂಗಿಲ್ಲ."

ಹೀಗೆ ಮುಖ ಮುಚ್ಚಿಕೊಂಡು ಕೂತ ಇಂಜಿನ್ನಿನ ಊರು ಹುಡುಕಲು ಮನೆಗೆ ಜನ ಬರತೊಡಗಿದರು. ನಿವೃತ್ತ ಎಂಜಿನಿಯರ್ ಒಬ್ಬರು ಬಂದು ಚಿತ್ರಾನ್ನ ತಿಂದು ಹೋದರು. ಕಾಲೇಜು ಮೇಷ್ಟ್ರೊಬ್ಬರು ಹೆಂಡತಿ ಮಕ್ಕಳ ಸಮೇತ ಬಂದು ಬಸ್ಸಾರು ಮುದ್ದೆ ಉಂಡು, ಇಂಥಾ ಸಾರು ಎಲ್ಲೂ ತಿಂದಿಲ್ಲ ಎಂದು ಹೇಳಿ ಹೋದರು. ಹಳೇ ಕಾರು ಕೊಳ್ಳುವ ದಲ್ಲಾಳಿ ಎರಡು ಸಲ ಬಂದ, ಎರಡು ಸಲವೂ ಊಟದ ಹೊತ್ತಿಗೇ ಬಂದ. ಗೌರಿ ಹಬ್ಬಕ್ಕೆ ತವರಿನಿಂದ ತಮ್ಮ ಕರೆಯಲು ಬಂದರೆ ಲಕ್ಷ್ಮಿದೇವಮ್ಮನಿಗೆ ಹೋಗಲಾಗಲಿಲ್ಲ. ಅವತ್ತು ಮಧ್ಯಾಹ್ನ ಇಂಜಿನ್ ನೋಡಲು ಮೂರು ಜನ ಬರುವವರಿದ್ದರು. ಹೇಳುವವರಿಗೆ ಹೊಟ್ಟೆ ತುಂಬಿತು, ಕೇಳುವವರಿಗೆ ಉತ್ತರ ಸಿಗಲಿಲ್ಲ, ಬೇಯಿಸುವವಳ ಸೊಂಟ ಬಿದ್ದುಹೋಯಿತು.

ಕಾಲೇಜು ಮೇಷ್ಟ್ರು ಬಂದ ದಿನ ಅತ್ತೆ ಮುನಿಕೃಷ್ಣಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಪ್ಪತ್ತಾರು ವರ್ಷದ ಹೆಂಗಸು. ಕೇಳಿದರೆ ಉತ್ತರ, ಕೇಳದಿದ್ದರೆ ಮೌನ. ಮೇಷ್ಟ್ರು ಬಗ್ಗಿ, "ಅಜ್ಜೀ, ನಿಮಗೇನಾದ್ರೂ ನೆನಪಿದೆಯಾ? ಇದು ಜರ್ಮನ್ನೇನಾ?" ಎಂದು ಕೇಳಿದರು.

"ಊಂ, ಜರ್ಮನ್ನೇ" ಎಂದರು ಅತ್ತೆ ಕಾಯಿ ಸುಲಿಯುತ್ತಲೇ. "ನಾನೇ ಎಷ್ಟು ಸಲ ಬೂದಿ ಆಕಿ ತಿಕ್ಕಿಲ್ಲ."

ಚಿಕ್ಕಹನುಮಯ್ಯನವರು ತೊಡೆ ತಟ್ಟಿಕೊಂಡರು. "ನೋಡಿ ಸ್ವಾಮಿ, ಇನ್ನೇನು ಸಾಕ್ಷಿ ಬೇಕು?" ಮೇಷ್ಟ್ರು ಅದನ್ನೂ ಬರೆದುಕೊಂಡರು.

ನಾಲ್ಕನೇ ವಾರ ಯಶವಂತಪುರದಿಂದ ರಿಯಾಜ್ ಸಾಹೇಬರು ಬಂದರು. ಎಪ್ಪತ್ತು ದಾಟಿದ ಮೆಕ್ಯಾನಿಕ್ಕು, ತಂದೆಯ ಕಾಲದಿಂದಲೂ ಬಾವಿ ಇಂಜಿನ್ನುಗಳ ರಿಪೇರಿ ಕಸುಬು. ಬಂದವರಲ್ಲಿ ಕಾಫಿ ಬೇಡ ಎಂದವರು ಇವರೊಬ್ಬರೇ ಎಂಬ ಕಾರಣಕ್ಕೆ ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತು ಅವರ ಕೆಲಸ ನೋಡಿದಳು. ಅವರು ಫೋಟೋ ತೆಗೆಯಲಿಲ್ಲ. ಚೀಲದಿಂದ ಎರಡು ಸ್ಪ್ಯಾನರ್ ತೆಗೆದು ಒಂದೊಂದಾಗಿ ನಟ್ಟುಗಳಿಗೆ ಕೂರಿಸಿ ನೋಡಿದರು. ಒಂದು ಸಡಿಲವಾಗಿ ಆಡಿತು, ಇನ್ನೊಂದು ಕಚ್ಚಿ ಕೂತಿತು.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ" ಎಂದರು. "ಜರ್ಮನ್ದಾಗಿದ್ರೆ ಎಂಎಂ ಲೆಕ್ಕದ ಸ್ಪ್ಯಾನರ್ ಕೂರ್ಬೇಕು. ಇಲ್ಲಿ ಕೂತಿರೋದು ಇಂಚಿಂದು. ಎರಕ ನೋಡಿದ್ರೂ ದೊಡ್ಡ ಕಂಪನಿ ಕೆಲಸ ಅಲ್ಲ. ಇಲ್ಲೇ ಎಲ್ಲೋ ಹುಯ್ದಿರೋದು."

ಮಾವನ ಮುಖ ಕಪ್ಪಿಟ್ಟಿತು. "ಜರ್ಮನಿಯೋರಿಗೆ ಇಂಚು ಬರಲ್ವಾ? ನಮ್ಮ ದೇಶಕ್ಕೆ ಕಳಿಸೋದು ಅಂತ ಇಂಚಲ್ಲಿ ಮಾಡಿರ್ತಾರೆ."

"ಆಗ್ಲಿ. ಹೆಸರಿನ ತಗಡು ಓದಿದ್ರೆ ಜಗಳಾನೇ ಇಲ್ಲ. ಕೆರೀಬೇಡಿ, ಅಕ್ಷರ ಹೋಗುತ್ತೆ. ಸುಣ್ಣ, ಬಟ್ಟೆ ಸೋಡಾ ಕಲಸಿ ಮೆತ್ತಿ, ಒದ್ದೆ ಗೋಣಿ ಹೊದಿಸಿ. ಒಂದೆರಡು ದಿನ ಬಿಟ್ರೆ ಪದರ ತಾನೇ ಬಿಡುತ್ತೆ."

"ಅದರ ಮೇಲೆ ಕುಂಕುಮ ಐತೆ ಸಾಬ್ರೇ. ಮುಟ್ಟಂಗಿಲ್ಲ."

ರಿಯಾಜ್ ಸಾಹೇಬರು ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಆ ರಾತ್ರಿ ಊಟಕ್ಕೆ ಕೂತಾಗ ಲಕ್ಷ್ಮಿದೇವಮ್ಮ ಮುದ್ದೆ ಬಡಿಸುತ್ತಾ ಬಡಿಸುತ್ತಾ ಕೇಳಿದಳು. "ಮಾವ, ವಿಜಯದಶಮಿಗೆ ಇನ್ನು ಹದಿನಾರು ದಿನ ಇದೆ. ನನ್ನ ಮಿಷನ್ ಎಲ್ಲಿಡ್ಲಿ?"

"ಇಟ್ಟಿದೀಯಲ್ಲಮ್ಮ."

"ಟೀವಿ ಪಕ್ಕ ಮೆಣಸಿನಕಾಯಿ ಬೀಸ್ಲಾ?"

"ಅಮ್ಮ ಹೇಳೋದ್ರಲ್ಲಿ ಪಾಯಿಂಟ್ ಇದೆ" ಎಂದ ಶರತ್.

"ನೀನು ಉಣ್ಣೋ" ಎಂದ ಅನಂತರಾಜು. "ಸ್ವಲ್ಪ ತಡ್ಕೊಳೇ. ಬೆಂಗಳೂರಲ್ಲಿ ಜರ್ಮನ್ ಭಾಷೆ ಕಲಿಸೋರು ಇದಾರಂತೆ. ಅವರನ್ನ ಕೇಳಣ ಅಂತ."

"ಅವರು ಇಂಜಿನ್ ಜೊತೆ ಮಾತಾಡ್ತಾರಾ? ಬರ್ಲಿ. ಅವರಿಗೇನು ಮಾಡ್ಲಿ, ಪುಳಿಯೋಗರೇನಾ, ವಾಂಗಿಬಾತಾ? ಆರು ವರ್ಷ ಮಿಲ್ಲಿನ ಮುಂದೆ ಕ್ಯೂ ನಿಂತಿದೀನಿ. ಒಂದು ಮೂಲೆ ಕೇಳಿದ್ರೆ ಮನೆಯೆಲ್ಲಾ ಜರ್ಮನಿ ಆಗೋಯ್ತು. ಆ ತಗಡಲ್ಲಿ ಏನಿದೆ ಅಂತ ನೋಡೋಕೆ ಭಯ ಇರೋರು ಯಾಕೆ ಊರಿಗೆಲ್ಲ ಊಟ ಹಾಕ್ಸ್ತಿದೀರಿ?"

ಮಾತು ಮಾವನಿಗೆ ನಾಟಿತು. ಅವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಲಕ್ಷ್ಮಿದೇವಮ್ಮನಿಗೂ ಆಮೇಲೆ ಊಟ ಸೇರಲಿಲ್ಲ. ವಯಸ್ಸಾದವರು ಊಟ ಬಿಟ್ಟೇಳುವ ಹಾಗೆ ಮಾಡಿದೆನಲ್ಲ ಎಂದು ಸಂಕಟವಾಯಿತು, ಮರುಕ್ಷಣ ತಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಸಿಟ್ಟು ಬಂತು. ಮಾರನೇ ದಿನದಿಂದ ಮಾವ ಅವಳೊಂದಿಗೆ ಮಾತು ಬಿಟ್ಟರು. "ಇವನೇ, ಕಾಫಿ ಬೇಕು ಅಂತ ಯೋಳು" ಎಂದು ಮೊಮ್ಮಗನ ಮೂಲಕ ಹೇಳಿಸುತ್ತಿದ್ದರು.

ಹಬ್ಬಕ್ಕೆ ಒಂಬತ್ತು ದಿನವಿತ್ತು. ಅವತ್ತು ಲಕ್ಷ್ಮಿದೇವಮ್ಮ ಹಿತ್ತಿಲಲ್ಲಿ ರಾಗಿ ನೆನೆಹಾಕಿದ್ದ ದೊಡ್ಡ ಡಬರಿಯನ್ನು ತಿಕ್ಕುತ್ತಿದ್ದಳು. ಮೂರು ಕೊಡ ನೀರು ಹಿಡಿಯುವ ಪಾತ್ರೆ, ಅತ್ತೆಯ ಅತ್ತೆಯ ಕಾಲದ್ದು. ತಳದ ಹತ್ತಿರ ಒಂದು ತೇಪೆ, ಕಂಠದ ಹತ್ತಿರ ಒಂದು ತೇಪೆ. ಎರಡರ ಅಂಚಿನಲ್ಲೂ ರಾಗಿ ಕಾಳು ಸಿಕ್ಕಿಕೊಂಡು, ಕಡ್ಡಿ ಹಾಕಿ ಮೀಟಿ ತೆಗೆಯದಿದ್ದರೆ ಹುಳಿ ವಾಸನೆ ಬರುತ್ತಿತ್ತು. ಆರು ವರ್ಷದಿಂದ ಮೀಟಿ ಮೀಟಿ ಅವಳಿಗೆ ಸಾಕಾಗಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಗುಜರಿ ಖುದ್ದೂಸನ ಕೂಗು ಕೇಳಿಸಿತು.

"ಅತ್ತೆ, ಈ ಡಬರಿ ಖುದ್ದೂಸ್‌ಗೆ ಹಾಕ್ಬಿಡ್ತೀನಿ. ಹೊಸ ಸ್ಟೀಲಿಂದು ತರ್ತೀನಿ."

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಅದನ್ನ ಆಕ್ಬಾರ್ದು ಕಣಮ್ಮ. ಅದು ಇಂಜಿನ್ ಡಬರಿ."

"ಅಂದ್ರೆ?"

"ಇಂಜಿನ್ನಿಗೆ ನೀರಿಡಕ್ಕೆ ಇಟ್ಟಿದ್ದ ಡಬರಿ. ಇಂಜಿನ್ ತರುವಾಗ ನೀರಿನ ತೊಟ್ಟಿ ಬಂದಿರ್ಲಿಲ್ಲವಂತೆ. ನೀರಿಲ್ದಿದ್ರೆ ಇಂಜಿನ್ನು ಕಾದೋಯ್ತದೆ. ಇವರಪ್ಪ ಸೀದಾ ಅಡಿಗೆಮನೇಗೆ ಬಂದು, ನಮ್ಮತ್ತೆ ತೌರಿಂದ ತಂದಿದ್ದ ಡಬರಿ ಎತ್ಕೊಂಡೋಗಿ, ಮೇಲೊಂದು ಕೆಳಗೊಂದು ತೂತು ಕೊರೆಸಿ ಪೈಪ್ ಕೂರಿಸ್ಬಿಟ್ರಂತೆ. ನಮ್ಮತ್ತೆ ಸಾಯೋವರ್ಗೂ ಅದನ್ನ ಆಡ್ಕಂಡು ಅಳ್ತಿದ್ಲು. ಕರೆಂಟ್ ಬಂದ ಮೇಲೆ ನಾನೇ ಇಳಿಸಿ, ಕಿಲುಬು ತಿಕ್ಕಿ, ತೇಪೆ ಆಕಿಸ್ದೆ."

ಲಕ್ಷ್ಮಿದೇವಮ್ಮನ ಕೈಯಲ್ಲಿದ್ದ ತೆಂಗಿನ ನಾರು ನಿಂತಿತು. ಡಬರಿ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ ಎಂದು ಆ ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ. ಅವಳ ತವರಿನಲ್ಲೂ ಅನ್ನುತ್ತಿರಲಿಲ್ಲ. ಆ ಪಾತ್ರೆಗೆ ಎಲ್ಲ ಕಡೆಯೂ ಇದ್ದದ್ದು ಒಂದೇ ಹೆಸರು, ಜರ್ಮನ್ ಪಾತ್ರೆ.

"ಅತ್ತೆ," ಎಂದಳು ನಿಧಾನವಾಗಿ, "ನರಸಯ್ಯನವರದ್ದಕ್ಕೆ ಡ್ರಮ್ ಇಂಜಿನ್ ಅಂತ ಯಾಕಂತಿದ್ರು?"

"ಅವರು ನೀರಿಗೆ ಡ್ರಮ್ ಇಟ್ಟಿದ್ರು."

"ನಮ್ಮದಕ್ಕೆ?"

"ಜರ್ಮನ್ ಡಬರಿ ಇಟ್ಟಿದ್ರಲ್ಲ. ಅದ್ಕೇ ಜರ್ಮನ್ ಇಂಜಿನ್ನು."

ಖುದ್ದೂಸನ ಗಾಡಿ ಕೂಗುತ್ತಾ ಮುಂದಿನ ಬೀದಿಗೆ ಹೋಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ಅವಳು ನೂರು ಸಲ ಆಡಿದ್ದಳು, ಅದರ ರುಚಿ ಕಂಡದ್ದು ಇವತ್ತೇ.

"ಐದು ವಾರದಿಂದ ಬಂದವರಿಗೆಲ್ಲ ಬೇಯಿಸಿ ಹಾಕ್ತಾ ಇದೀನಿ. ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಏನಂತ ಯೋಳ್ಲಿ? ಜರ್ಮನ್ನೇನಾ ಅಂತ ಕೇಳಿದ್ರು, ಊಂ ಅಂದೆ. ಎಲ್ರೂ ಅದನ್ನೇ ಅಂತಾವ್ರೆ, ಇವರಿಗೆಲ್ಲ ಗೊತ್ತೈತಲ್ಲ ಅಂದ್ಕಂಡೆ." ಅತ್ತೆ ಮತ್ತೆ ಸೊಪ್ಪು ಕೈಗೆತ್ತಿಕೊಂಡರು. "ಡಬರಿ ಎಲ್ಲೈತೆ ಅಂತ ಒಬ್ರೂ ಕೇಳ್ಲಿಲ್ವಲ್ಲ."

ಲಕ್ಷ್ಮಿದೇವಮ್ಮ ಡಬರಿ ಎತ್ತಿ ಸೊಂಟಕ್ಕಿಟ್ಟುಕೊಂಡು ಶೆಡ್ಡಿಗೆ ನಡೆದಳು. ಮಾವ ಅಲ್ಲೇ ಸ್ಟೂಲಿನ ಮೇಲೆ ಕೂತು ಚಕ್ರಕ್ಕೆ ಎಣ್ಣೆ ಸವರುತ್ತಿದ್ದರು. ಅವರು ತಲೆಯೆತ್ತಲಿಲ್ಲ. ಇಂಜಿನ್ನಿನ ಪಕ್ಕದಲ್ಲಿ, ಯಾತಕ್ಕೆಂದು ಯಾರೂ ಕೇಳದಿದ್ದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡೊಂದಿತ್ತು. ಅದರ ಮೇಲಿದ್ದ ಗೋಣಿಚೀಲ ತೆಗೆದು ಅವಳು ಡಬರಿ ಇಟ್ಟಳು. ಸ್ವಲ್ಪ ತಿರುಗಿಸಿದಳು. ಕೆಳಗಿನ ತೇಪೆ ಕೆಳಗಿನ ಪೈಪಿನ ಬಾಯಿಗೆ, ಮೇಲಿನ ತೇಪೆ ಮೇಲಿನ ಪೈಪಿನ ಬಾಯಿಗೆ ಸರಿಯಾಗಿ ಬಂದು ಕೂತವು.

ಅವಳಿಗೆ ಹೇಳಬೇಕಾದದ್ದು ಬಹಳವಿತ್ತು. ಬಂದವರ ಊಟದ ಲೆಕ್ಕ, ತಪ್ಪಿಹೋದ ಗೌರಿ ಹಬ್ಬ, ಎಲ್ಲವನ್ನೂ ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದಳು. ಅಷ್ಟರಲ್ಲಿ ಮಾವ ಎಣ್ಣೆಬಟ್ಟೆ ಕೆಳಗಿಟ್ಟು ತಲೆಯೆತ್ತಿದರು.

"ಅವ್ವನ ಡಬರಿ" ಎಂದರು ಅವರು. ಎಣ್ಣೆಯ ಕೈಯಲ್ಲೇ ಮೇಲಿನ ತೇಪೆ ಮುಟ್ಟಿದರು. "ಇಲ್ಲಿತ್ತು. ನಾನು ಸಣ್ಣವನಿದ್ದಾಗ ಇದರ ನೀರು ಕುದಿಯೋದು. ಗೆಣಸು ಆಕಿ ಬೇಯಿಸ್ಕೊಂಡು ತಿಂತಿದ್ವಿ." ಕೈಯನ್ನು ಪಂಚೆಗೆ ಒರೆಸಿಕೊಂಡರು. "ಸ್ಕೂಲಲ್ಲಿ ಮೇಷ್ಟ್ರು ಯುದ್ಧದ ಪಾಠ ಮಾಡ್ತಾ ಜರ್ಮನಿ ಅಂದ್ರು. ನಮ್ಮನೇಲಿ ಜರ್ಮನ್ ಇಂಜಿನ್ ಐತೆ ಸಾ ಅಂತ ಎದ್ದು ನಿಂತೆ. ಮೇಷ್ಟ್ರು ಹುಡುಗರ ಕೈಲಿ ಚಪ್ಪಾಳೆ ಒಡೆಸಿದ್ರು. ಅವತ್ತಿಂದ ಯೋಳ್ಕಂಡೇ ಬಂದೆ."

ಅವಳೊಂದಿಗೆ ಏಳು ದಿನದ ಮೇಲೆ ನೇರವಾಗಿ ಆಡಿದ ಮಾತು ಅದು. ಲಕ್ಷ್ಮಿದೇವಮ್ಮನಿಗೆ ಅಳು ಬರುವ ಹಾಗಾಯಿತು, ಯಾತಕ್ಕೆಂದು ಅವಳಿಗೇ ಗೊತ್ತಾಗಲಿಲ್ಲ. ಇನ್ನೂ ಸಿಟ್ಟಿತ್ತು, ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

"ಮಾವ, ಹಾಗೇ ಇರ್ಲಿ ಬಿಡಿ. ಯಾರಿಗೂ ಹೇಳಲ್ಲ."

"ಬ್ಯಾಡ" ಎಂದು ಅವರು ಮಂಡಿ ಹಿಡಿದುಕೊಂಡು ಎದ್ದರು. "ಸುಣ್ಣ ಎಷ್ಟು ಬೇಕು ಅಂದ್ರು ಆ ಸಾಬ್ರು?"

ಸುಣ್ಣ, ಸೋಡಾ ಕಲಸಿ ಮೆತ್ತುವ ಮೊದಲು ಅವರು ತಗಡಿಗೆ ಕೈಮುಗಿದರು. ಎರಡು ದಿನ ಒದ್ದೆ ಗೋಣಿ ಹೊದಿಸಿದ್ದಾಯಿತು. ಮೂರನೇ ದಿನ ರಿಯಾಜ್ ಸಾಹೇಬರ ಎದುರಿಗೇ ಪದರ ಬಿಟ್ಟುಕೊಂಡಿತು. ಹಸಿರು, ಕೆಂಪು, ಹಸಿರು, ಕೆಂಪು, ವರ್ಷಗಳೆಲ್ಲ ಒಂದರ ಮೇಲೊಂದು ಕಾಣುತ್ತಿದ್ದವು. ಮಾವ ಅದನ್ನು ಮುರಿಯದಂತೆ ಎತ್ತಿ ಪೇಪರಿನಲ್ಲಿ ಸುತ್ತಿಟ್ಟುಕೊಂಡರು. ಕೆಳಗಿದ್ದ ಹಿತ್ತಾಳೆ ತಗಡನ್ನು ಶರತ್ ಒರೆಸಿ ಓದಿದ.

"ಲಕ್ಷ್ಮೀನರಸಿಂಹ ಫೌಂಡ್ರಿ, ನಂಬರ್ ಹದಿನಾಲ್ಕು. ಯಶವಂತಪುರ, ಬೆಂಗಳೂರು."

ಅನಂತರಾಜು ಇನ್ನೊಂದು ಸಲ ಓದಿಸಿದ. ಎರಡನೇ ಸಲವೂ ಯಶವಂತಪುರವೇ ಬಂತು. ಹಡಗಿನಲ್ಲಿ ಬಂತೆನ್ನುತ್ತಿದ್ದ ಇಂಜಿನ್ನು ಎತ್ತಿನ ಗಾಡಿಯಲ್ಲಿ ಒಂದು ಹಗಲಿಗೆ ಬಂದು ಸೇರಬಹುದಾದ ದೂರದ್ದು. ಕಾಡಪ್ಪನಿಗೆ ಫೋನ್ ಮಾಡಿದರೆ, "ಯಶವಂತಪುರದ್ದು ಅಂತ ಬೋರ್ಡ್ ಹಾಕಿದ್ರೆ ಜನ ನಗ್ತಾರೆ ಅಣ್ಣ" ಎಂದು ಇಟ್ಟುಬಿಟ್ಟ.

ಖಾತ್ರಿಯಾಯಿತು, ಗಿರಾಕಿ ಹೋದ, ಇಂಜಿನ್ನು ಶೆಡ್ಡಿನಲ್ಲೇ ಉಳಿಯಿತು. ಲಕ್ಷ್ಮಿದೇವಮ್ಮ ಹಣೆ ಒತ್ತಿಕೊಂಡು ಹೊಸಿಲ ಮೇಲೆ ಕೂತಳು.

ರಿಯಾಜ್ ಸಾಹೇಬರು ಮಾತ್ರ ತಗಡಿನ ಮುಂದಿನಿಂದ ಎದ್ದಿರಲಿಲ್ಲ. "ನಮ್ಮ ಅಬ್ಬಾ ಹೇಳ್ತಿದ್ರು, ಸ್ಟೇಷನ್ ಹಿಂದೆ ಒಂದು ಫೌಂಡ್ರಿ ಇತ್ತು, ಇಂಗ್ಲೀಷ್ ಇಂಜಿನ್ ನೋಡ್ಕೊಂಡು ನಮ್ಮ ಹುಡುಗ್ರೇ ಎರಕ ಹುಯ್ತಿದ್ರು ಅಂತ. ನಾನು ನಂಬಿರಲಿಲ್ಲ. ಐವತ್ತು ವರ್ಷದಲ್ಲಿ ಅವರ ಒಂದು ನಟ್ಟೂ ನೋಡಿರಲಿಲ್ಲ." ಅವರು ಮಾವನ ಕಡೆ ತಿರುಗಿದರು. "ಯಜಮಾನ್ರೇ, ಗುಜರಿ ರೇಟ್‌ಗಿಂತ ಹೆಚ್ಚು ಕೊಡೋ ಶಕ್ತಿ ನನಗಿಲ್ಲ. ಆದ್ರೆ ಕೊಡಿ ಅಂತ ಕೇಳ್ತೀನಿ. ಓಡೋ ಹಂಗೆ ಮಾಡ್ತೀನಿ. ಜರ್ಮನ್ದಾಗಿದ್ರೆ ನನಗೆ ಬೇಡವಾಗಿತ್ತು."

ಚಿಕ್ಕಹನುಮಯ್ಯನವರು ಚಕ್ರದ ಮೇಲೆ ಕೈಯಾಡಿಸಿದರು. "ತಗೊಂಡೋಗಿ ಸಾಬ್ರೇ" ಎಂದರು.

ಮಾರನೇ ದಿನ ಸಣ್ಣ ಲಾರಿ ಬಂತು. ಅತ್ತೆ ಬಂದು ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿದರು, ಲಕ್ಷ್ಮಿದೇವಮ್ಮ ಕಾಯಿ ಒಡೆದಳು. ಲಾರಿ ಬೀದಿಯ ತಿರುವು ದಾಟುವ ತನಕ ಮಾವ ಗೇಟು ಹಿಡಿದು ನೋಡುತ್ತಿದ್ದರು. "ತೌರಿಗೆ ಓಯ್ತು ಬಿಡು" ಎಂದು ಒಳಗೆ ಬಂದರು.

ಅವತ್ತೇ ಶರತ್, ಅನಂತರಾಜು ಸೇರಿ ಶೆಡ್ಡಿಗೆ ಸುಣ್ಣ ಬಳಿದರು. ಮಿಷನ್ನು ನಡುಮನೆಯಿಂದ ಹೊರಟಿತು. ಒದ್ದೆ ಟವೆಲ್ ಹರವುವುದೆಲ್ಲಿ ಎಂದು ಅನಂತರಾಜು ಒಂದು ಸಲ ಕೇಳಿ, ಹೆಂಡತಿಯ ಮುಖ ನೋಡಿ ಹಿತ್ತಲ ಹಗ್ಗದ ಕಡೆ ನಡೆದ.

ಆಯುಧಪೂಜೆಯಲ್ಲಿ ಮಾವನೇ ಹೊಸ ಮಿಷನ್ನಿಗೆ ಕುಂಕುಮ ಇಟ್ಟರು, ಬಣ್ಣ ಬಳಿಯುವುದು ಬೇಡ ಎಂದು ಅವಳು ಮೊದಲೇ ಕೈಮುಗಿದಿದ್ದಳು. ವಿಜಯದಶಮಿಯ ಬೆಳಿಗ್ಗೆ ಮೊದಲ ರಾಗಿ ಸುರಿದಾಗ ಒಂದು ತೊಡಕಾಯಿತು. ಮಿಷನ್ನಿನ ಬಾಯಿಗೆ ಕಟ್ಟಿದ ಬಟ್ಟೆಯ ಚೀಲದ ಕೆಳಗೆ ಇಡಲು ಯಾವ ಪಾತ್ರೆಯೂ ಹೊಂದಲಿಲ್ಲ. ಒಂದು ಕುಳ್ಳು, ಒಂದರ ಬಾಯಿ ಚಿಕ್ಕದು, ಹಿಟ್ಟೆಲ್ಲ ನೆಲಕ್ಕೆ. ಮಾವ ಹೋಗಿ ಡಬರಿ ಹೊತ್ತು ತಂದು ಅಡಿಗಿಟ್ಟರು. ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ತೇಪೆಯ ಅಂಚಿನಿಂದ ಇನ್ನು ಮುಂದೆ ಹಿಟ್ಟನ್ನೂ ಮೀಟಬೇಕಲ್ಲ ಎಂದು ಲಕ್ಷ್ಮಿದೇವಮ್ಮ ಮನಸ್ಸಿನಲ್ಲೇ ಗೊಣಗಿಕೊಂಡಳು.

ದೀಪಾವಳಿಯ ಹೊತ್ತಿಗೆ ಕೈಬಿಟ್ಟಿದ್ದ ನಾಲ್ಕು ಮನೆಯಲ್ಲಿ ಮೂರು ವಾಪಸು ಬಂದವು. ಹಳೇ ಪೇಟೆಯ ಹೆಂಗಸರೂ ಅಕ್ಕಿ, ಕಡಲೆಬೇಳೆ ಹಿಡಿದು ಬರತೊಡಗಿದರು. ಎಲ್ಲಿಗೆ ಹೊರಟೆ ಎಂದು ಒಬ್ಬರು ಕೇಳಿದರೆ ಇನ್ನೊಬ್ಬರು, ಅದೇ ಜರ್ಮನ್ ಡಬರಿ ಇಟ್ಟಿದ್ದಾರಲ್ಲ, ಆ ಮಿಲ್ಲಿಗೆ ಎನ್ನುತ್ತಿದ್ದರು. ವಾರ ಕಳೆಯುವುದರಲ್ಲಿ ಡಬರಿ ಬಿಟ್ಟುಹೋಗಿ ಜರ್ಮನ್ ಮಿಲ್ಲು ಎಂದಷ್ಟೇ ಉಳಿಯಿತು.

ಒಂದು ಭಾನುವಾರ ಬಿಂದುಶ್ರೀಯೇ ಮಗುವನ್ನು ಎತ್ತಿಕೊಂಡು ಬಂದಳು. ಮಿಷನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆಂಟಿ, ಎಲ್ಲರೂ ಜರ್ಮನ್ ಮಿಲ್ ಅಂತಿದ್ದಾರೆ. ಜರ್ಮನಿಯಿಂದ ತರಿಸಿದ್ರಾ?"

ಅನಂತರಾಜು ಹೌದೆನ್ನಲು ಬಾಯಿ ತೆರೆದೇಬಿಟ್ಟಿದ್ದ. ಲಕ್ಷ್ಮಿದೇವಮ್ಮ ಅವನನ್ನು ನೋಡಿದಳು, ಆಮೇಲೆ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಮಾವನನ್ನು ನೋಡಿದಳು. ಎಪ್ಪತ್ತು ವರ್ಷ ಹೇಳಿಕೊಂಡು ಬಂದ ಮಾತು, ಹೇಳಿದರೆ ಹೇಳಲಿ, ನಾನು ಅಡ್ಡ ಬರುವುದಿಲ್ಲ ಎಂದುಕೊಂಡಳು.

ಚಿಕ್ಕಹನುಮಯ್ಯನವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಇಲ್ಲ ಕಣಮ್ಮ, ಮಿಷನ್ನು ಪೀಣ್ಯದ್ದು" ಎಂದರು. "ಡಬರಿ ಮಾತ್ರ ಜರ್ಮನ್ನು. ನಮ್ಮವ್ವನ್ದು."